ರೀಡಿನ ಮೇಲಿನ ಎರಡು ಗೀರು

ಪಾಪನಿವೇದನೆಗೆಂದು ಮೊಣಕಾಲೂರಿದ ಮನುಷ್ಯನ ಚೀಲದೊಳಗಿಂದ ಷಡ್ಜ ಹೊರಟರೆ ಏನು ಮಾಡಬೇಕು ಎಂಬುದನ್ನು ಯಾವ ಸೆಮಿನರಿಯಲ್ಲೂ ಪಾದ್ರಿಗಳಿಗೆ ಕಲಿಸುವುದಿಲ್ಲ.

ಅಂದು ಶನಿವಾರ, ಸಂಜೆ ಐದು ಗಂಟೆ. ಚರ್ಚಿನ ಬಲಗೋಡೆಗೆ ಒರಗಿಸಿಟ್ಟ, ಪಾಪನಿವೇದನೆ ಕೇಳುವ ಮರದ ಗೂಡಿನ ಮುಂದೆ ಒಂಬತ್ತು ಜನ ಸಾಲಾಗಿ ಕೂತಿದ್ದರು. ಏಳನೆಯವರು ಪೆಟ್ಟಿಗೆ ಮಾಮ. ಹಾರ್ಮೋನಿಯಂ ರಿಪೇರಿ ಅವರ ಕಸುಬು. ಹಾರ್ಮೋನಿಯಂ ಎನ್ನಲು ನಾಲಿಗೆ ಹೊರಳದ ಬೀದಿಯ ಮಕ್ಕಳು ಯಾವಾಗಲೋ ಇಟ್ಟ ಹೆಸರು ಹಾಗೇ ಅಂಟಿಕೊಂಡು, ಈಗ ಅವರಿಗಿಂತ ಹತ್ತು ವರ್ಷ ದೊಡ್ಡವರೂ ಮಾಮ ಎಂದೇ ಕರೆಯುತ್ತಿದ್ದರು. ಕೆಲಸದಿಂದ ನೇರವಾಗಿ ಬಂದಿದ್ದರು. ಕೈಯಲ್ಲಿ ಚೀಲ, ಚೀಲದಲ್ಲಿ ಅರ, ಸ್ಕ್ರೂಡ್ರೈವರು, ತೊಗಲಿನ ತುಂಡು, ಮತ್ತು ಅಂಗೈಯಗಲದ ಒಂದು ಶ್ರುತಿಯಂತ್ರ. ಬ್ಯಾಟರಿ ಹಾಕಿ ಗುಂಡಿ ಒತ್ತಿದರೆ ಸಾಕು, ಒಂದೇ ಸ್ವರವನ್ನು ಉಸಿರು ಬಿಡದೆ ಹಿಡಿದುಕೊಂಡಿರುತ್ತದೆ.

ಸರದಿ ಬಂದಾಗ ಮಾಮ ಗೂಡಿನೊಳಗೆ ಹೋಗಿ ಚೀಲವನ್ನು ಕೆಳಗಿಟ್ಟರು, ಕತ್ತಲಲ್ಲಿ ಅದರ ಮೇಲೆಯೇ ಮೊಣಕಾಲೂರಿದರು. ಗುಂಡಿ ಒತ್ತಿಹೋಯಿತು.

ಗೂಡಿನ ನಡುವಿನ ಜಾಲರಿಯ ಆಚೆಯಿಂದ ಹೊಸ ಪಾದ್ರಿ ಮೆಲ್ಲಗೆ ಕೇಳಿದರು. "ಏನದು?"

"ಷಡ್ಜ, ಫಾದರ್."

ಹತ್ತು ಕಟ್ಟಳೆಗಳಲ್ಲಿ ಅದು ಎಷ್ಟನೆಯದರ ಉಲ್ಲಂಘನೆ ಎಂದು ಅವರು ಯೋಚಿಸಿರಬೇಕು. "ಅದನ್ನ ನಿಲ್ಸೋಕಾಗುತ್ತಾ?"

"ಗುಂಡಿ ಹುಡುಕ್ತಿದೀನಿ ಫಾದರ್."

ಗುಂಡಿಯೇನೋ ಸಿಕ್ಕಿತು. ಆದರೆ ಅದು ನಿಲ್ಲಿಸುವ ಗುಂಡಿಯಾಗಿರಲಿಲ್ಲ. ಸ್ವರ ಪಂಚಮಕ್ಕೆ ಏರಿತು, ಸದ್ದೂ ಹೆಚ್ಚಿತು. ಹೊರಗೆ ಎಂಟನೆಯವರಾಗಿ ಕೂತಿದ್ದ ಅಜ್ಜಿ ಪೂಜೆ ಶುರುವಾಯಿತೆಂದು ಎದ್ದು ನಿಂತು ಶಿಲುಬೆ ಗುರುತು ಹಾಕಿಕೊಂಡರು. ಮಿಕ್ಕವರು ನಗು ತಡೆಯಲಾರದೆ ಕರ್ಚೀಫಿನೊಳಗೆ ಕೆಮ್ಮಿದರು. ಮಾಮ ಹಾಡುವ ಚೀಲವನ್ನು ಎದೆಗವಚಿಕೊಂಡು ಗೂಡಿನಿಂದ ಹೊರಬಿದ್ದು, ಬೆಂಚುಗಳ ನಡುವೆ ದಾಪುಗಾಲು ಹಾಕಿ, ಮೆಟ್ಟಿಲಿಳಿದು, ಗೇಟು ದಾಟಿ ಹೋದರು. ಪಂಚಮ ಬೀದಿ ತಿರುವಿನವರೆಗೂ ಕೇಳುತ್ತಿತ್ತು. ಒಪ್ಪಿಸಬೇಕೆಂದು ತಂದಿದ್ದ ಪಾಪ ಮಾತ್ರ ಒಪ್ಪಿಸಲಾಗದೆ ಅವರ ಜೊತೆಯಲ್ಲೇ ಮನೆಗೆ ಮರಳಿತು.

ಆ ಪಾಪಕ್ಕೆ ಹತ್ತೊಂಬತ್ತು ವರ್ಷ ವಯಸ್ಸಾಗಿತ್ತು.

ಅದನ್ನು ಹೇಳುವ ಮುಂಚೆ ಕಸುಬಿನ ಬಗ್ಗೆ ಒಂದಿಷ್ಟು ಹೇಳಬೇಕು. ಮಾಮನ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಬೀದಿಗೊಂದು ಕಿಟಕಿ, ಕಿಟಕಿಗೆ ಒತ್ತಿದಂತೆ ಉದ್ದನೆಯ ಮೇಜು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ಎರಡೋ ಮೂರೋ ಪೆಟ್ಟಿಗೆಗಳು. ಹಾರ್ಮೋನಿಯಂನಲ್ಲಿ ಬೆರಳಿಡುವ ಬಿಳಿ ಕಪ್ಪು ಪಟ್ಟಿಗಳಿಗೆ ಮನೆ ಎನ್ನುತ್ತಾರೆ. ಬಿಚ್ಚಿದ ಮನೆಗಳನ್ನು ಮಾಮ ಕಟ್ಟಿಸಿಕೊಂಡ ಹಲ್ಲಿನ ಹಾಗೆ ಸಾಲಾಗಿ ಜೋಡಿಸಿಡುತ್ತಿದ್ದರು. ಮೂಲೆಯಲ್ಲಿ, ಒಡೆಯರು ಬಂದು ಕೇಳದೆ ಬಿಟ್ಟುಹೋದ ಹಳೆಯ ಪೆಟ್ಟಿಗೆಯೊಂದಿತ್ತು. ಅದರೊಳಗೆ ಮಾಮನ ಹೆಂಡತಿ ಈರುಳ್ಳಿ ತುಂಬಿದ್ದರು. "ಗಾಳಿಯಾಡ್ತಿರುತ್ತೆ, ಕೊಳೆಯಲ್ಲ" ಎಂಬುದು ಆಕೆಯ ವಾದ. ಗಾಳಿಗಾಗಿಯೇ ಹುಟ್ಟಿದ ಪೆಟ್ಟಿಗೆಯಾದ್ದರಿಂದ ಮಾಮನಿಗೆ ಎದುರುತ್ತರ ಸಿಕ್ಕಿರಲಿಲ್ಲ.

ಪ್ರತಿ ಮನೆಯ ಕೆಳಗೂ ಒಂದು ಹಿತ್ತಾಳೆಯ ನಾಲಿಗೆ. ಅದೇ ರೀಡು. ತಿದಿಯ ಗಾಳಿಗೆ ಅದು ಅದುರಿದಾಗ ಸ್ವರ ಬರುತ್ತದೆ. ಸ್ವರ ತಗ್ಗಿದ್ದರೆ ನಾಲಿಗೆಯ ತುದಿಯಲ್ಲಿ ಚೂಪಾದ ಉಪಕರಣದಿಂದ ಒಂದು ಗೀರು ಕೊಡಬೇಕು, ಏರುತ್ತದೆ. ಏರಿದ್ದರೆ ಬುಡದಲ್ಲಿ ಒಂದು ಗೀರು, ಇಳಿಯುತ್ತದೆ. ವಿದ್ಯೆ ಇಷ್ಟೇ, ಇಷ್ಟು ಬರಲು ಮೂವತ್ತು ವರ್ಷ ಬೇಕು. ಕೆರೆದ ಹಿತ್ತಾಳೆ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಸರಿಹೋದ ರೀಡಿನ ಮೇಲೂ ಗೀರುಗಳು ಉಳಿದೇ ಇರುತ್ತವೆ. ಬಲ್ಲವನು ಅದನ್ನು ಬೆಳಕಿಗೆ ಹಿಡಿದು ಯಾವಾಗ ಏನಾಗಿತ್ತು ಎಂದು ಹೇಳಬಲ್ಲ. ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ, ಈ ಕಥೆ ಬರೆಯುತ್ತಿರುವ ನಾನು ಇದನ್ನು 'ರೀಡನ್ನು ರೀಡು ಮಾಡುವುದು' ಎಂದಾಗ ಮಾಮ ನಗಲಿಲ್ಲ. ನಗದಿದ್ದುದರ ಕಾರಣ ಆಮೇಲೆ ತಿಳಿಯಿತು.

ಮಾಮನಿಗೆ ಒಬ್ಬ ಅಣ್ಣ. ಎರಡು ಬೀದಿ ಆಚೆ ಬೇಕರಿ. ಒಲೆಯ ಮುಂದೆ ನಿಂತು ಹಿಟ್ಟು ನಾದುತ್ತ ಅವರು ಹಾಡುತ್ತಿದ್ದರೆ, ಬ್ರೆಡ್ಡು ಬೇಕಿಲ್ಲದವರೂ ಒಂದು ಪೌಂಡು ಕಟ್ಟಿಸಿಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ಚರ್ಚಿನ ಗಾನವೃಂದಕ್ಕೆ ಅವರೇ ಮುಖ್ಯಸ್ಥರು. ಹಾಡಲು ಒಬ್ಬರೇ ಎದ್ದು ನಿಂತರೆ, ಹಿಂದಿನ ಬೆಂಚಿನಲ್ಲಿ ತೂಕಡಿಸುವವರು ಸಹ ಗೌರವಕ್ಕಾಗಿ ಎಚ್ಚರಗೊಳ್ಳುತ್ತಿದ್ದರು.

ಚರ್ಚಿಗೆ ನೂರು ವರ್ಷ ತುಂಬಿದ ಸಂದರ್ಭ. ಬಿಷಪ್ಪರು ಬರುವವರಿದ್ದರು. ಕಾಲಲ್ಲಿ ತುಳಿದು ನುಡಿಸುವ ಚರ್ಚಿನ ಹಳೇ ಹಾರ್ಮೋನಿಯಂ ಅಷ್ಟು ಹೊತ್ತಿಗೆ ಗೂರಲು ರೋಗಿಯಂತಾಗಿತ್ತು. ಮಾಮ ಒಂದು ತಿಂಗಳು ಬೇರೆ ಕೆಲಸ ಮುಟ್ಟದೆ ಅದರ ತಿದಿ ಬದಲಿಸಿದರು, ಇಲಿ ತಿಂದ ತೊಗಲು ಕಿತ್ತು ಹೊಸದು ಹೊಂದಿಸಿದರು, ಒಂದೊಂದೇ ರೀಡನ್ನು ತೊಳೆದು ಕೂರಿಸಿದರು. ಕೊನೆಯ ಅಭ್ಯಾಸದ ದಿನ ಗಾನವೃಂದದ ಹುಡುಗಿಯೊಬ್ಬಳು, "ಪೆಟ್ಟಿಗೆ ಎಷ್ಟು ಚೆನ್ನಾಗಾಗಿದೆ!" ಎಂದಳು.

ಅಣ್ಣ ನಕ್ಕು ಹೇಳಿದರು: "ನನ್ನ ತಮ್ಮ ಪೆಟ್ಟಿಗೆ ಮಾಡ್ತಾನಮ್ಮ. ಸಂಗೀತ ನಾವು ಮಾಡ್ಬೇಕು."

ಎಲ್ಲರೂ ನಕ್ಕರು. ಮಾಮನೂ ನಕ್ಕರು. ಹೇಳಿದವರಿಗೆ ಅದು ಮರುಕ್ಷಣ ಮರೆತೇಹೋಯಿತು. ಮಾಮ ಆ ಮಾತನ್ನು ಮನೆಗೆ ತಂದರು, ಮಾರನೆಯ ಬೆಳಿಗ್ಗೆ, ಪೂಜೆಗೆ ಮುಂಚೆ, ವಾಪಸು ಚರ್ಚಿಗೆ ಕೊಂಡೊಯ್ದರು. ಅಣ್ಣನ ಹಾಡಿನಲ್ಲಿ ಒಂದು ಮೇಲಿನ ಸ್ವರವನ್ನು ಎಂಟು ಮಾತ್ರೆ ಹಿಡಿದು ನಿಲ್ಲಿಸುವ ಜಾಗವಿತ್ತು. ಆ ಮನೆಯ ರೀಡನ್ನು ತೆಗೆದು ತುದಿಯಲ್ಲಿ ಒಂದು ಗೀರು ಕೊಟ್ಟರು. ಕೂದಲೆಳೆಯಷ್ಟು.

ಪೂಜೆಯಲ್ಲಿ ಅಣ್ಣ ಆ ಸ್ವರವನ್ನು ಹಿಡಿದರು, ಸರಿಯಾಗಿಯೇ ಹಿಡಿದರು. ಪೆಟ್ಟಿಗೆ ಕೂದಲೆಳೆ ಮೇಲೆ ನಿಂತಿತ್ತು. ಕೇಳುವವರಿಗೆ ಕೆಳಗಿದ್ದವರು ಅಣ್ಣನೇ ಎನಿಸಿತು. ಅಣ್ಣನಿಗೂ ಹಾಗೇ ಅನಿಸಿ, ಮೇಲಕ್ಕೆ ಎಳೆದರು, ದಾಟಿಹೋಯಿತು, ಇಳಿಸಿದರು, ಮತ್ತೆ ಕೆಳಗಾಯಿತು, ದನಿ ಒಡೆಯಿತು. ನುಡಿಸುತ್ತಿದ್ದ ವಯಸ್ಸಾದ ಸಿಸ್ಟರು ಕಣ್ಣು ಮುಚ್ಚಿಕೊಂಡರು. ಬಿಷಪ್ಪರು ಚಾವಣಿ ನೋಡಿದರು. ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದರು.

ಇದಿಷ್ಟೇ ಆಗಿದ್ದರೆ ಅಣ್ಣ ತಮ್ಮಂದಿರ ನಡುವಿನ ಚಿಲ್ಲರೆ ಕಿಡಿಗೇಡಿತನ ಎಂದು ಬಿಡಬಹುದಿತ್ತು. ಮಾಮ ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಅದೇ ರೀಡಿನ ಬುಡದಲ್ಲಿ ಎರಡನೆಯ ಗೀರು ಕೊಟ್ಟು, ಸ್ವರವನ್ನು ಅದರ ಜಾಗಕ್ಕೆ ತಂದುಬಿಟ್ಟರು. ಕೆಡಿಸಿದ್ದಕ್ಕಿಂತ ಸರಿಮಾಡಿದ್ದೇ ದೊಡ್ಡ ಪಾಪವಾದದ್ದು ಹೀಗೆ. ಹತ್ತು ಗಂಟೆಗೆ ಅಣ್ಣ ಬಂದು, "ಪೆಟ್ಟಿಗೇಲಿ ಏನೋ ಇದೆ ಕಣೋ, ನೋಡು" ಎಂದು ತಾವೇ ಆ ಮನೆ ಒತ್ತಿ, ಜೊತೆಗೆ ಹಾಡಿದರು. ಎರಡೂ ಒಂದೇ. ಮತ್ತೊಮ್ಮೆ ಹಾಡಿದರು. ಒಂದೇ.

"ನಿನ್ನೆನೂ ಹೀಗೇ ಇತ್ತಾ?"

"ಹೀಗೇ ಇತ್ತಣ್ಣ" ಎಂದರು ಮಾಮ.

ಅಣ್ಣ ಹಾರ್ಮೋನಿಯಂನ ಮುಚ್ಚಳ ಮುಚ್ಚಿದರು. ಗಾನವೃಂದದ ಪುಸ್ತಕವನ್ನು ಅದರ ಮೇಲಿಟ್ಟರು. ಕಿವಿ ಹೋಗಿದೆ ನನಗೆ, ಎಂದರು. ಅಂದಿನಿಂದ ಚರ್ಚಿನಲ್ಲಿ ಕೊನೆಯ ಬೆಂಚು. ಎಲ್ಲರೂ ಹಾಡುವಾಗ ಅವರ ತುಟಿ ಮಾತ್ರ ಆಡುತ್ತಿತ್ತು. ಬೇಕರಿಯಲ್ಲಿ ಹಿಟ್ಟು ನಾದುವ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಪೆಟ್ಟಿಗೆಯ ಒಂದು ಮನೆ ಕೆಡಿಸಲು ಹೋಗಿ ಮಾಮ ಎರಡು ಬೀದಿ ಆಚೆಯ ಮನೆಯನ್ನೇ ಮೂಕ ಮಾಡಿದ್ದರು. ಶ್ರುತಿ ತಪ್ಪಿದ್ದು ಒಂದು ದಿನ. ಸ್ಮೃತಿಯಿಂದ ಅದು ಜಾರಿದ ದಿನ ಒಂದೂ ಇಲ್ಲ.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೊದಲ ವಾರ ಭಯ. ಅಣ್ಣ ಮತ್ತೆ ಮುಖ ನೋಡದಿದ್ದರೆ? ಮೊದಲ ವರ್ಷ ನಾಚಿಕೆ. ಆಮೇಲೆ ಇಷ್ಟು ವರ್ಷ ಹೇಳದೆ ಇದ್ದದ್ದೇ ಇನ್ನೊಂದು ತಪ್ಪಾಗಿ ಬೆಳೆಯಿತು. ಮಾಮ ಅದರ ಬದಲು ತಮ್ಮ ಪಾಪವನ್ನು ತಾವೇ ರಿಪೇರಿ ಮಾಡಲು ಕೂತರು. ತಿಂಗಳಿಗೊಮ್ಮೆ ಚರ್ಚಿನ ಪೆಟ್ಟಿಗೆಯನ್ನು ಬಿಚ್ಚಿ ಶ್ರುತಿ ನೋಡುವುದು, ಪ್ರತಿ ಶುಕ್ರವಾರ ಉಪವಾಸ, ಮನೆಯಲ್ಲಿ ರೇಡಿಯೋ ಹಾಕುವಂತಿಲ್ಲ, ಕಾಫಿಗೆ ಸಕ್ಕರೆಯಿಲ್ಲ. "ಪಾಪ, ಎಂಥ ಒಳ್ಳೇ ಮನುಷ್ಯ!" ಎಂದು ಜನ ಹೇಳುತ್ತಿದ್ದರು. ಮಾಮನಿಗೆ ಅದರಲ್ಲಿ ಮೊದಲನೆಯ ಪದ ಮಾತ್ರ ಕೇಳಿಸುತ್ತಿತ್ತು. ಎಲ್ಲ ಪೂಜೆಗೂ ಹೋಗುತ್ತಿದ್ದರು, ಆ ಮರದ ಗೂಡಿನ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ.

"ದೇವರ ಮನೇಲಿ ಎಲ್ಲಾ ಕೋಣೆಗೂ ಹೋಗ್ತೀರಿ, ಅದೊಂದು ಬಿಟ್ಟು" ಎಂದು ಹೆಂಡತಿ ಕೆಣಕುತ್ತಿದ್ದರು. "ಏನ್ರೀ, ಕೊಲೆ ಗಿಲೆ ಮಾಡಿದೀರಾ?"

"ಸುಮ್ನಿರೇ."

ಆ ಶನಿವಾರ ಅವರನ್ನು ಗೂಡಿನೊಳಗೆ ತಳ್ಳಿದ್ದು ಒಬ್ಬ ಕಿವಿ ಡಾಕ್ಟರು. ಬ್ರೆಡ್ಡು ಕೊಡಲು ಬಂದ ಅತ್ತಿಗೆ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದರು.

"ನಿಮ್ಮಣ್ಣನ ಕಿವೀಲಿ ನೀರು ಸೇರ್ಕೊಂಡಿತ್ತು, ಡಾಕ್ಟ್ರ ಹತ್ರ ಎಳ್ಕೊಂಡು ಹೋಗಿದ್ದೆ. ಅದೇನೋ ಯಂತ್ರ ಹಾಕಿ ಕುಂಯ್ ಕುಂಯ್ ಅನ್ಸಿ ಪರೀಕ್ಷೆ ಮಾಡಿದ್ರು. ಇಪ್ಪತ್ತು ವರ್ಷದ ಹುಡುಗನ ಕಿವಿ ಇದ್ದ ಹಾಗಿದೆ ಅಂದ್ಬಿಟ್ರು."

"ಒಳ್ಳೇದೇ ಆಯ್ತಲ್ಲ ಅತ್ತಿಗೆ" ಎಂದರು ಮಾಮ.

"ಏನು ಒಳ್ಳೇದು! ದಾರಿಯುದ್ದಕ್ಕೂ ಮಾತಿಲ್ಲ. ಮನೆಗೆ ಬಂದು ಹೇಳ್ತಾರೆ, 'ಕಿವಿ ಸರಿಯಿದೆ ಅಂದ್ರೆ ಅವತ್ತು ಕೈ ಹಾಕಿದ್ದು ದೇವರೇ. ನನಗೆ ಅಹಂಕಾರ ಇತ್ತು, ಬಿಷಪ್ಪರ ಮುಂದೇನೇ ಗಂಟಲು ಹಿಡಿದ.' ಈಗ ಪೂಜೆಗೂ ಬರಲ್ಲ ಅಂತ ಕೂತಿದಾರಪ್ಪ. ನೀನಾದ್ರೂ ಬುದ್ಧಿ ಹೇಳು."

ಅತ್ತಿಗೆ ಹೋದ ಮೇಲೆ ಮಾಮ ಬ್ರೆಡ್ಡನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಇಷ್ಟು ವರ್ಷ ತಪ್ಪು ಕಿವಿಯ ತಲೆಗೆ ಕಟ್ಟಲ್ಪಟ್ಟಿತ್ತು, ಕಿವಿಗೆ ಬೇಸರವಾಗುವುದಿಲ್ಲ. ಈಗ ಅದು ದೇವರ ತಲೆಗೆ ಹೋಗಿತ್ತು. ಗೀರಿದವರು ಮಾಮ, ಸಹಿ ದೇವರದು. ಅಣ್ಣ ಕಳೆದುಕೊಂಡದ್ದು ಹಾಡನ್ನು ಮಾತ್ರ ಎಂದು ಮಾಮ ತಿಳಿದಿದ್ದರು. ಈಗ ಅಣ್ಣ ದೇವರನ್ನೂ ಕಳೆದುಕೊಳ್ಳುವುದರಲ್ಲಿದ್ದರು. ಮಧ್ಯಾಹ್ನದ ಕೆಲಸಕ್ಕೆಂದು ಹೋದ ಮಾಮ ಮನೆಗೆ ಬಾರದೆ ಚರ್ಚಿಗೆ ಹೋದರು. ಅಲ್ಲಿ ನಡೆದ ಷಡ್ಜ ಪಂಚಮಗಳ ಕಥೆ ನಿಮಗೆ ಗೊತ್ತೇ ಇದೆ.

ಮುಂದಿನ ಶನಿವಾರ ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತು ಜೇಬು ತಡವಿದರು. "ಕೂಗೋ ಸಾಮಾನು ಏನೂ ಇಲ್ಲ ತಾನೇ? ಊರೆಲ್ಲ ನಕ್ಕಿದ್ದು ಸಾಕು."

"ಇಲ್ಲ ಕಣೇ."

"ಬಾಯಿ?"

"ಅದನ್ನ ಬಿಟ್ಟು ಹೋದ್ರೆ ಹೇಗೆ?"

ಗೂಡಿನಲ್ಲಿ ಮಾಮ ಆಡಿದ್ದು ಪಾದ್ರಿಗಳಿಂದ ಹೊರಬರುವ ಮಾತಲ್ಲ. ಮಾಮನೇ ಆಮೇಲೆ ಕಂಡಕಂಡವರಿಗೆಲ್ಲ ಹೇಳಿದ್ದರಿಂದ ಇಲ್ಲಿ ಬರೆಯಬಹುದು. ರೀಡು, ತುದಿ, ಬುಡ, ಎರಡು ಗೀರು, "ಹೀಗೇ ಇತ್ತಣ್ಣ" ಎಂಬ ಸುಳ್ಳು, ಎಲ್ಲವನ್ನೂ ಹೇಳಿದರು. ಪಾದ್ರಿ ಹರೆಯದವರು, ಸಂಗೀತದ ಗಂಧವಿಲ್ಲದವರು. ಅರ್ಧದಲ್ಲಿ, "ರೀಡು ಅಂದ್ರೆ ಯಾವುದು?" ಎಂದು ಕೇಳಿದರು. ಮಾಮ ಪಾಪ ನಿಲ್ಲಿಸಿ ಪಾಠ ಹೇಳಿ ಮತ್ತೆ ಪಾಪಕ್ಕೆ ಬಂದರು. ಎಲ್ಲ ಮುಗಿದ ಮೇಲೆ ಪಾದ್ರಿ ಪ್ರಾಯಶ್ಚಿತ್ತ ಹೇಳಿದರು. ಮೂರು ಸಲ 'ಸ್ವರ್ಗದಲ್ಲಿರುವ ನಮ್ಮ ತಂದೆಯೇ.'

"ಮೂರೇನಾ?" ಮಾಮನ ದನಿಯಲ್ಲಿ ಅವಮಾನವಿತ್ತು. "ಹತ್ತೊಂಬತ್ತು ವರ್ಷ ಫಾದರ್! ಶುಕ್ರವಾರ ಊಟ ಬಿಟ್ಟಿದೀನಿ, ಸಕ್ಕರೆ ಬಿಟ್ಟಿದೀನಿ..."

"ಸರಿಹೋಯ್ತಾ ಅದ್ರಿಂದ?"

"ಇಲ್ಲ."

"ಮೂವತ್ತು ಕೊಟ್ರೂ ಸರಿಹೋಗಲ್ಲ. ಜಾಸ್ತಿ ಕೊಟ್ರೆ ನೀವೇ ರಿಪೇರಿ ಮಾಡಿದೆ ಅಂದ್ಕೋತೀರಿ. ಮಾಮ, ಆ ರಿಪೇರಿ ಶಿಲುಬೆ ಮೇಲೆ ಆಗಿಹೋಗಿದೆ. ನೀವು ಮತ್ತೆ ಬಿಚ್ಚೋಕೆ ಹೋಗ್ಬೇಡಿ. ಕೊಟ್ಟಿದ್ದನ್ನ ತಗೊಳ್ಳಿ ಅಷ್ಟೇ."

ಮಾಮನನ್ನು ಕಸುಬಿನ ಅನುಮಾನ ಬಿಡಲಿಲ್ಲ. "ಆದ್ರೆ ಗೀರು ಉಳಿಯುತ್ತಲ್ಲ ಫಾದರ್?"

"ಉಳೀಲಿ. ಯೇಸು ಸತ್ತು ಎದ್ದು ಬಂದ್ಮೇಲೂ ಕೈಮೇಲೆ ಮೊಳೆ ಗುರುತು ಉಳಿದೇ ಇತ್ತಲ್ಲ? ಗುರುತು ತೋರಿಸಿಯೇ ಶಿಷ್ಯರಿಗೆ ಸಮಾಧಾನ ಹೇಳಿದ್ದು." ಆಮೇಲೆ, ಕೈಯೆತ್ತಿ ಕ್ಷಮೆಯ ಮಾತು ಹೇಳುವ ಮುಂಚೆ, ಸೇರಿಸಿದರು: "ನಿಮ್ಮಣ್ಣನಿಗೂ ಹೇಳ್ಬೇಕು. ಅದು ಶಿಕ್ಷೆ ಅಂತಲ್ಲ. ಅವರಿಗೆ ಸೇರಬೇಕಾದ ನಿಜ ನಿಮ್ಮ ಹತ್ರ ಉಳಿದುಹೋಗಿದೆ."

ಹೊರಗೆ ಬಂದು, ಬೆಂಚಿನಲ್ಲಿ ಕೂತು, ಮಾಮ ಮೂರು ಸಲ ಹೇಳಿದರು. ನಾಲ್ಕನೆಯದನ್ನು ಶುರುಮಾಡಿ, ನಾಲಿಗೆ ಕಚ್ಚಿಕೊಂಡು ನಿಲ್ಲಿಸಿದರು. ಬೆಳಕಿನ ಕಿರಣ, ದೇವದೂತರು ಮುಂತಾಗಿ ಏನೂ ಇಳಿಯಲಿಲ್ಲ. ಚರ್ಚಿನ ಗೇಟು ತೆರೆದಾಗ ಅದು ಎಂದಿನಂತೆ ಕಿರುಗುಟ್ಟಿತು. ಅವರು ದಾಟಿ ಹೋದರು. ಹತ್ತು ಹೆಜ್ಜೆ ನಡೆದ ಮೇಲೆ ಅವರಿಗೇ ಸೋಜಿಗವಾಯಿತು: ಗೇಟಿನ ಕಿರುಗು ಯಾವ ಸ್ವರ, ಎಷ್ಟು ಕೆಳಗೆ, ಎಂದು ಅವರು ನೋಡಿರಲೇ ಇಲ್ಲ. ಹತ್ತೊಂಬತ್ತು ವರ್ಷದಿಂದ ಸೈಕಲ್ ಗಂಟೆಯಾಗಲಿ, ಕುಕ್ಕರಿನ ಸಿಳ್ಳಾಗಲಿ, ಕಿವಿಗೆ ಬಿದ್ದದ್ದನ್ನೆಲ್ಲ ತಪ್ಪು ಹುಡುಕಿಯೇ ಒಳಗೆ ಬಿಡುತ್ತಿದ್ದ ಮನುಷ್ಯ. ಈಗ ಬೀದಿಯ ಗದ್ದಲ ಸುಮ್ಮನೆ ಬಂದು ಸುಮ್ಮನೆ ಹೋಗುತ್ತಿತ್ತು. ಮನೆ ಸೇರುವಷ್ಟರಲ್ಲಿ ಮಾಮ ಸಿಳ್ಳೆ ಹಾಕುತ್ತಿದ್ದರು.

ಅದೊಂದು ಭಯಂಕರ ಸಿಳ್ಳೆ. ಊರಿನ ಪೆಟ್ಟಿಗೆಗಳಿಗೆಲ್ಲ ಶ್ರುತಿ ಹಿಡಿಯುವವರ ಬಾಯಲ್ಲಿ ಶ್ರುತಿಯೆಂಬುದೇ ಇರಲಿಲ್ಲ. ಹೆಂಡತಿ ಹುರಿಯುತ್ತಿದ್ದ ಬಾಣಲೆ ಬಿಟ್ಟು ಓಡಿಬಂದರು. "ಏನಾಯ್ತ್ರೀ? ಹುಷಾರಿದೀರಾ?"

"ಸಕ್ಕರೆ ಹಾಕಿ ಕಾಫಿ ಕೊಡೇ" ಎಂದರು ಮಾಮ. ಕಾಫಿ ಕುಡಿಯುತ್ತ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಒಲೆ ಆರಿಸಿ ಬಂದು, "ಕೊಲೆ ಅಂತ ತಮಾಷೆಗೆ ಅಂದಿದ್ದೆ" ಎಂದರು.

ಸೋಮವಾರ ಮಧ್ಯಾಹ್ನ ಮಾಮ ಚರ್ಚಿಗೆ ಹೋಗಿ, ಆ ಒಂದು ರೀಡನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ, ಬೇಕರಿಯ ಹಿಂದಿನ ಬಾಗಿಲಿಗೆ ಹೋದರು. ಅಣ್ಣ ಒಬ್ಬರೇ ಇದ್ದರು. ಮೊಣಕೈವರೆಗೆ ಹಿಟ್ಟು. ಮಾಮ ರೀಡನ್ನು ಹಿಟ್ಟಿನ ಮೇಜಿನ ಮೇಲೆ ಇಟ್ಟರು.

"ಏನೋ ಇದು?"

"ನೂರನೇ ವರ್ಷದ ಪೂಜೆ ರೀಡು. ತುದೀಲಿ ಒಂದು ಗೀರಿದೆ ನೋಡಣ್ಣ. ಅದು ಪೂಜೆ ದಿನ ಬೆಳಿಗ್ಗೆ ನಾನು ಹಾಕಿದ್ದು. ಬುಡದಲ್ಲಿರೋದು ಮಾರನೇ ದಿನದ್ದು. ನೀನು ಬರೋಕೆ ಮುಂಚೆ."

ಅಣ್ಣ ಕೈ ಒರೆಸಿಕೊಂಡರು. ಕನ್ನಡಕ ಹಾಕಿಕೊಂಡರು. ರೀಡನ್ನು ಒಲೆಯ ಬೆಳಕಿಗೆ ಹಿಡಿದು ನೋಡಿದರು. ಎಷ್ಟೋ ಸಲ ತಮ್ಮನ ಮೇಜಿನ ಮುಂದೆ ಕೂತು ನೋಡಿದ್ದ ಕಸುಬು, ವಿವರಿಸುವ ಅಗತ್ಯವಿರಲಿಲ್ಲ.

"ಹಾಗಾದ್ರೆ ನಂದು ಸರಿ ಇತ್ತಾ?"

"ಸರಿ ಇತ್ತಣ್ಣ."

"ಎಂಟು ಮಾತ್ರೇನೂ?"

"ಎಂಟೂ."

"ದೇವರಲ್ವಾ?"

"ಅಲ್ಲಣ್ಣ. ನಾನು."

ಒಲೆಯಲ್ಲಿ ಏನೋ ಸೀಯುವ ವಾಸನೆ ಬಂತು. ಇಬ್ಬರೂ ಅಲುಗಲಿಲ್ಲ. ಕೊನೆಗೆ ಅಣ್ಣ ಕೇಳಿದರು, "ಯಾಕೋ?"

ಮಾಮ ಅಭ್ಯಾಸದ ದಿನದ ಆ ನಗುವಿನ ಮಾತನ್ನು ನೆನಪಿಸಿದರು. ಅಣ್ಣನಿಗೆ ನೆನಪಿರಲಿಲ್ಲ. "ಅಷ್ಟಕ್ಕಾ?" ಎಂದರು. ನಂತರ ಮುಖ ಕೆಂಪಾಯಿತು. "ಆರುನೂರು ಜನರ ಮುಂದೆ ನನ್ನ ಮಾನ ತೆಗೆದು, ಇವತ್ತು ಹಿಂದಿನ ಬಾಗಿಲಲ್ಲಿ ಬಂದು ಪಿಸಪಿಸ ಅಂತೀಯಾ? ನಿನ್ನ ಮಾತು ಕೇಳಿ ಹತ್ತೊಂಬತ್ತು ವರ್ಷ ಬಾಯಿ ಮುಚ್ಕೊಂಡು, ಈಗ ದೇವರ ಮೇಲೆ ಸಿಟ್ಟಾಗಿ ಕೂತಿದೀನಲ್ಲೋ ನಾನು!"

"ದೇವರಿಗೆ ಹೇಳಿದೀನಣ್ಣ. ಕ್ಷಮಿಸಿದಾನೆ."

"ಅವನು ಕ್ಷಮಿಸ್ತಾನೆ, ಅವನಿಗೇನು! ಹಾಡೋನು ನಾನು! ನಡಿ ಆಚೆ!"

ಮಾಮ ನಡೆದರು. ರೀಡು ಅಲ್ಲೇ ಉಳಿಯಿತು. ಮಾರನೆಯ ದಿನದಿಂದ ಬ್ರೆಡ್ಡು ಬರುವುದು ನಿಂತಿತು. ಹತ್ತೊಂಬತ್ತು ವರ್ಷ ಹೆದರಿದ್ದು ಇದಕ್ಕೇ, ಅದು ಆಗಿಯೇ ಹೋಯಿತು. ಅಣ್ಣ ಎದುರಿಗೆ ಸಿಕ್ಕರೆ ಬೀದಿಯ ಆ ಬದಿಗೆ ದಾಟುತ್ತಿದ್ದರು. ಚರ್ಚಿನ ಪೆಟ್ಟಿಗೆ ಒಂದು ಹಲ್ಲಿಲ್ಲದ ಬಾಯಿಯ ಹಾಗೆ ಆ ಒಂದು ಸ್ವರ ಬಿಟ್ಟು ಹಾಡುತ್ತಿತ್ತು. ಹೊಸ ರೀಡು ಹಾಕಲು ಮಾಮ ಒಪ್ಪಲಿಲ್ಲ.

ವಿಚಿತ್ರವೆಂದರೆ ಸಿಳ್ಳೆ ನಿಲ್ಲಲಿಲ್ಲ. ಅಣ್ಣ ಮುಖ ತಿರುಗಿಸಿದ ದಿನ ಮಾಮ ಊಟ ಬಿಟ್ಟು ಕಣ್ಣೊರೆಸಿಕೊಂಡದ್ದೂ ಉಂಟು. ಮೇಜಿನ ಮುಂದೆ ಕೂತೊಡನೆ ತುಟಿ ತಾನಾಗಿ ಮುಂದೆ ಬರುತ್ತಿತ್ತು.

"ಅಣ್ಣನೂ ಹೋದ್ರು, ಬ್ರೆಡ್ಡೂ ಹೋಯ್ತು" ಎಂದು ಹೆಂಡತಿ ಸಿಡುಕಿದರು. "ಸಂತೋಷವಾ ಈಗ?"

ಮಾಮ ಅರ ಕೆಳಗಿಟ್ಟು ಯೋಚಿಸಿದರು. "ದುಃಖ ಇದೆ ಕಣೇ. ಅದರ ಅಡೀಲಿ ಸಂತೋಷ ಹಾಗೇ ಇದೆ. ಅದೇ ನನಗೂ ಅರ್ಥ ಆಗ್ತಿಲ್ಲ."

ಅಣ್ಣನ ಒಂದು ಮಾತು ಮಾತ್ರ ಅವರ ತಲೆಯಲ್ಲಿ ಸುತ್ತುತ್ತಿತ್ತು. ಹಿಂದಿನ ಬಾಗಿಲು. ಆರನೆಯ ಭಾನುವಾರ ಮಾಮ ಪೂಜೆಗೆ ಮುಂಚೆ ಪಾದ್ರಿಗಳನ್ನು ಕಂಡು ಅಪ್ಪಣೆ ಕೇಳಿದರು. ಅತ್ತಿಗೆಯನ್ನು ಕಂಡು, ಹೇಗಾದರೂ ಮಾಡಿ ಅಣ್ಣನನ್ನು ಇವತ್ತೊಂದು ದಿನ ಕರೆತರಬೇಕೆಂದು ಬೇಡಿಕೊಂಡರು.

ಅಣ್ಣ ಬಂದರು. ಕೊನೆಯ ಬೆಂಚು, ಕೈಕಟ್ಟಿ, ಮುಖ ಗಂಟು.

ಪೂಜೆಯ ಕೊನೆಗೆ ಪ್ರಕಟಣೆಗಳು. ನೀರಿನ ಟ್ಯಾಂಕು ತೊಳೆಯುವ ದಿನ. ಕಳೆದುಹೋದ ಕಪ್ಪು ಕೊಡೆ. ಆಮೇಲೆ, "ಪೆಟ್ಟಿಗೆ ಮಾಮ ಎರಡು ಮಾತು ಹೇಳ್ತಾರೆ." ಮಾಮ ಮೈಕಿನ ಮುಂದೆ ನಿಂತರು. ಮೈಕು ಅಷ್ಟು ಹೊತ್ತಿಗೆ ಕೆಟ್ಟಿತು. ಬರಿಗಂಟಲಿನಲ್ಲೇ ಹೇಳಿದರು.

"ಕೇಳಿಸ್ತಿಲ್ಲ, ಜೋರಾಗಿ ಹೇಳಪ್ಪ!" ಎಂದು ಮೂರನೆಯ ಬೆಂಚಿನಿಂದ ಅಜ್ಜಿ ಕೂಗಿದರು. ಷಡ್ಜಕ್ಕೆ ಎದ್ದು ನಿಂತಿದ್ದ ಅದೇ ಅಜ್ಜಿ.

ಮಾಮ ತಮ್ಮ ಪಾಪವನ್ನು ಮೊದಲಿನಿಂದ, ಎರಡನೆಯ ಸಲ, ಕಿರುಚಿ ಹೇಳಬೇಕಾಯಿತು. "ನೂರನೇ ವರ್ಷದ ಪೂಜೇಲಿ! ನಮ್ಮಣ್ಣ ಸರಿಯಾಗಿ ಹಾಡಿದ್ರು! ಪೆಟ್ಟಿಗೆ ಕೆಡಿಸಿದ್ದು ನಾನು! ಹೊಟ್ಟೆಕಿಚ್ಚಿಗೆ! ಆಮೇಲೆ ಸುಳ್ಳು ಹೇಳಿದೆ!"

ಮೊದಲು ಬಾಯಿ ಬಿಟ್ಟವರು ಅಜ್ಜಿಯೇ. ಪಕ್ಕದವಳ ಕಡೆ ತಿರುಗಿ, ಕಿವುಡರ ಪಿಸುಮಾತಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಯಾವುದು, ಬಿಷಪ್ಪರು ಬಂದಿದ್ದಾ? ಅವತ್ತು ಯಾರು ಹಾಡಿದ್ರೋ ನೆನಪಿಲ್ಲಮ್ಮ. ಊಟ ಚೆನ್ನಾಗಿತ್ತು."

ಯಾರೋ ನಕ್ಕರು. ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಎಷ್ಟೋ ಜನ ಒಬ್ಬರನ್ನೊಬ್ಬರು ನೋಡಿ, ನಿನಗೆ ನೆನಪಿದೆಯಾ, ನನಗಂತೂ ಇಲ್ಲ, ಎಂದು ತಲೆಯಾಡಿಸುತ್ತಿದ್ದರು. ಆರುನೂರು ಜನ ನೆನಪಿಟ್ಟುಕೊಂಡಿದ್ದಾರೆಂದು ಅಣ್ಣ ಕೊನೆಯ ಬೆಂಚಿನಲ್ಲಿ ಅಡಗಿ ಕಳೆದ ವರ್ಷಗಳೆಲ್ಲ ಆ ನಗುವಿನಲ್ಲಿ ಹೊರಬಾಗಿಲ ಕಡೆ ಹೋದವು. ನೆನಪಿದ್ದದ್ದು ಇಬ್ಬರಿಗೆ, ಒಬ್ಬ ಗೀರಿದವನು, ಇನ್ನೊಬ್ಬ ಗೀರಿಸಿಕೊಂಡವನು.

ಅಣ್ಣ ಎದ್ದರು. ಹೊರಗೆ ಹೊರಟರೆಂದು ಎಲ್ಲರೂ ಅಂದುಕೊಂಡರು. ಅವರು ಬೆಂಚುಗಳ ನಡುವೆ ಮುಂದೆ ನಡೆದು ಬಂದು, ಜೇಬಿನಿಂದ ರೀಡನ್ನು ತೆಗೆದ ಮೇಲೆ ಅದು ಹಿಟ್ಟು ಮೆತ್ತಿಕೊಂಡಿರುವುದನ್ನು ಕಂಡು, ಅಂಗಿಗೆ ಒರೆಸಿ, ತಮ್ಮನ ಕೈಗೆ ಕೊಟ್ಟರು.

"ಹಾಕು" ಎಂದರು.

"ಅಣ್ಣ..."

"ಆಮೇಲೆ ಅಳು. ಮೊದ್ಲು ಹಾಕು. ಜನ ಕಾಯ್ತಿದಾರೆ."

ಮಾಮ ಮುಚ್ಚಳ ತೆಗೆದು ರೀಡು ಕೂರಿಸಿದರು. ಎರಡು ನಿಮಿಷದ ಕೆಲಸಕ್ಕೆ ಹತ್ತು ನಿಮಿಷವಾಯಿತು. ಯಾರೂ ಹೋಗಲಿಲ್ಲ. ಅಣ್ಣ ಪೆಟ್ಟಿಗೆಯ ಪಕ್ಕ, ಹಿಂದೆ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಗಂಟಲು ಸರಿಮಾಡಿಕೊಂಡು, ಅದೇ ಹಾಡನ್ನು ಹಾಡಿದರು. ಮೇಲಿನ ಸ್ವರ ಬಂದಾಗ ಕಣ್ಣು ಮುಚ್ಚಿ ಎಂಟು ಮಾತ್ರೆ ಹಿಡಿದು ನಿಂತರು. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಪಾದ್ರಿಗಳು ಕನ್ನಡಕ ಒರೆಸಿಕೊಂಡರು. ಅಜ್ಜಿ ಎದ್ದು ನಿಂತು ಶಿಲುಬೆ ಗುರುತು ಹಾಕಿಕೊಂಡರು. ಈ ಸಲ ತಪ್ಪಾಗಿರಲಿಲ್ಲ.

ಇದಾಗಿ ಎರಡು ವರ್ಷವಾಯಿತು. ಬ್ರೆಡ್ಡು ಮತ್ತೆ ಬರುತ್ತಿದೆ, ಬೇಕರಿಯಲ್ಲಿ ಮತ್ತೆ ಹಾಡಿದೆ, ಮಾಮನ ಸಿಳ್ಳೆಯ ಬಗ್ಗೆ ಅಕ್ಕಪಕ್ಕದವರ ದೂರೂ ಹಾಗೇ ಇದೆ. ಮೊನ್ನೆ ಅವರ ಮೇಜಿನ ಪಕ್ಕ ಕೂತು ಇದನ್ನೆಲ್ಲ ಬರೆದುಕೊಳ್ಳುತ್ತ, ಕೊನೆಗೊಂದು ಒಳ್ಳೆಯ ಮಾತು ಸಿಕ್ಕೀತೆಂಬ ಆಸೆಯಿಂದ ಕೇಳಿದೆ:

"ಅವತ್ತು ನಿಮ್ಮಣ್ಣ ಆ ಸ್ವರ ಹಿಡಿದು ನಿಂತಾಗ, ಪೆಟ್ಟಿಗೆ ಪಕ್ಕದಲ್ಲಿ ನಿಂತು ಕೇಳ್ತಿದ್ರಲ್ಲ ಮಾಮ, ನಿಮಗೆ ಏನನ್ನಿಸ್ತು?"

ಮಾಮ ರೀಡೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೋಡುತ್ತಲೇ ಹೇಳಿದರು:

"ಕಾಲು ಸ್ವರ ಕೆಳಗಿತ್ತು."